ಹತ್ತು ಮಾಳಿಗಿ ಮನಿ

ಗವಿಮಠದ ಜಾತ್ರೆಗೆ ಇನ್ನೂ ಎಂಟು ಹತ್ತು ದಿನ ಇದೆ ಅನ್ನುವಾಗಲೇ ನಮ್ಮ ಕಡೆ ಹಳ್ಳಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಜನವರಿಯ ಚಳಿಯಲ್ಲಿ ಬೆಳಗಿನ ಜಾವಕ್ಕೇ ಒಲೆ ಹೊತ್ತಿಸಿ, ಓಣಿಯ ಹೆಂಗಸರೆಲ್ಲ ಒಂದೇ ಪಡಸಾಲೆಯಲ್ಲಿ ಸಾಲಾಗಿ ಕೂತು ಬಡಿಯುತ್ತೇವೆ. ಒಣಗಿದ ರೊಟ್ಟಿ ಬುಟ್ಟಿಗೆ, ಚೀಲಕ್ಕೆ ತುಂಬಿ ಟ್ರ್ಯಾಕ್ಟರಿನಲ್ಲಿ ಕೊಪ್ಪಳಕ್ಕೆ ಹೋಗುತ್ತದೆ. ಹೀಗೆ ಊರೂರಿನಿಂದ ಬಂದ ಲಕ್ಷಗಟ್ಟಲೆ ರೊಟ್ಟಿ ಜಾತ್ರೆಯ ದಾಸೋಹದಲ್ಲಿ ಬಂದವರ ಹೊಟ್ಟೆ ತುಂಬಿಸುತ್ತದೆ.

ಆ ವರ್ಷ ನನ್ನ ಮಗಳಿಗೆ ಮೂರೂವರೆ. ನಾನು ಬಡಿಯುವುದು, ನನ್ನ ನೆಗೆಣ್ಣಿ ಬೇಯಿಸುವುದು, ಮಗಳು ಪಕ್ಕದಲ್ಲಿ ಕೂತು ಒಂದೊಂದೇ ರೊಟ್ಟಿ ಮುಟ್ಟಿ ಎಣಿಸುವುದು. ಹತ್ತಾದ ಕೂಡಲೇ ಎರಡೂ ಕೈ ಮೇಲೆತ್ತಿ "ಹತ್ತಾತೂ" ಎಂದು ಕೂಗುತ್ತಿದ್ದಳು, ನಾವು ಅದನ್ನು ಒಂದು ಕಟ್ಟು ಮಾಡಿ ಸರಿಸಿ ಇಡುತ್ತಿದ್ದೆವು. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಬೆಣಚುಕಲ್ಲು, ಹುಣಸೆಬೀಜ ಇಟ್ಟು ಎಷ್ಟೋ ಮಕ್ಕಳಿಗೆ ಎಣಿಕೆ ಕಲಿಸಿದ್ದೇನೆ. ಆದರೆ ನನ್ನ ಮಗಳು ಎಣಿಕೆ ಕಲಿತದ್ದು ಮಠದ ರೊಟ್ಟಿಯಲ್ಲಿ. ಅದು ನನಗೆ ಇಂದಿಗೂ ಹೆಮ್ಮೆ.

ಜಾತ್ರೆಯ ದಿನ ಮನೆ ತುಂಬ ಬೀಗರು, ನೆಂಟರು. ತೇರು ಎಳೆದಾದ ಮೇಲೆ ನಮ್ಮನೆಯವರ ಸೋದರತ್ತೆ, ನಾವೆಲ್ಲ ದೊಡ್ಡತ್ತಿ ಅನ್ನುವವರು, ತೇರಿಗೆ ಉತ್ತತ್ತಿ ಎಸೆದು, ಜನರ ನಡುವೆ ನುಗ್ಗಿ ಹಾದು ಬಂದು ಸುಸ್ತಾಗಿ ಊಟಕ್ಕೆ ಕೂತರು. ಯಲಬುರ್ಗಾ ಕಡೆಯ ಹಳ್ಳಿಯಲ್ಲಿ ಹೊಲಮನೆ ದುಡಿದ ಗಟ್ಟಿ ಜೀವ. ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಗಳು ಹೋಗಿ ಅವರ ಎದುರಿಗೇ ಚಕ್ಕಂಬಕ್ಕಳ ಹಾಕಿಕೊಂಡು ಕೂತಳು.

"ಒಂದು" ಅಂದಳು.

ಯಾರೂ ಲಕ್ಷ್ಯ ಕೊಡಲಿಲ್ಲ. "ಎರಡು" ಅಂದಾಗ ಪಕ್ಕದಲ್ಲಿ ಕೂತವರು ನಕ್ಕರು. "ಮೂರು" ಅಂದಾಗ ನನಗೆ ಏನು ನಡೆಯುತ್ತಿದೆ ಎಂದು ಹೊಳೆಯಿತು. ನಾಲ್ಕು, ಐದು ಎಂದು ದನಿ ಏರುತ್ತಲೇ ಹೋಯಿತು. ಉಣ್ಣುವವರ ಮುಂದೆ ತುತ್ತು ಎಣಿಸಬಾರದು, ದೃಷ್ಟಿ ತಾಕುತ್ತದೆ ಎಂದು ನಂಬಿದ ಮನೆ ನಮ್ಮದು. ಅದರಲ್ಲೂ ಬಂದ ಬೀಗರ ತಾಟಿನ ರೊಟ್ಟಿ ಎಣಿಸುವುದು ಎಂದರೆ! ಅತ್ತೆಯವರ ಮುಖ ಬಿಳಿಚಿತು. ನಮ್ಮನೆಯವರು ದೂರದಿಂದಲೇ ಕಣ್ಣು ಬಿಟ್ಟು ಹೆದರಿಸಿದರು. ನಾನು ಹಂಚಿನ ಮೇಲೆ ರೊಟ್ಟಿ ಬಿಟ್ಟು ಓಡಿ ಬರುವಷ್ಟರಲ್ಲಿ "ಆರೂ" ಎಂದು ಮನೆಯೆಲ್ಲ ಕೇಳುವಂತೆ ಕೂಗಿಯಾಗಿತ್ತು. ಪಡಸಾಲೆ ಒಮ್ಮೆಲೇ ಸುಮ್ಮನಾಯಿತು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ದೊಡ್ಡತ್ತಿ ಬಾಯಲ್ಲಿದ್ದ ತುತ್ತು ನುಂಗಿ, ಮಗಳನ್ನೇ ನೋಡುತ್ತ ಕೇಳಿದರು: "ಆರರ ಮುಂದ ಏನ ಬರ್ತೈತವ್ವ?"

"ಏಳು."

"ಹಂಗಾರ ಹೋಗು, ಏಳನೇದು ತಗೊಂಡು ಬಾ."

ಮಗಳು ಓಡಿ ಹೋಗಿ ಎರಡೂ ಕೈಯಲ್ಲಿ ಬಿಸಿ ರೊಟ್ಟಿ ಹಿಡಿದು ಊದುತ್ತ ತಂದಳು. ಅವರು ಅದನ್ನು ಮುರಿದು, ಒಂದು ತುಣುಕಿಗೆ ಬೆಣ್ಣೆ ಹಚ್ಚಿ ಅವಳ ಬಾಯಿಗೇ ಇಟ್ಟರು. ಊಟ ಮುಂದುವರಿಯಿತು.

ಆ ಒಂದು ನಿಮಿಷವನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ದೊಡ್ಡತ್ತಿಗೆ ಶಾಲೆ ಗೊತ್ತಿಲ್ಲ. ಆದರೂ ಮಗು ಏನು ಮಾಡುತ್ತಿದೆ ಎಂಬುದು ಆ ಮನೆಯಲ್ಲಿ ಅವರೊಬ್ಬರಿಗೇ ಕಂಡಿತ್ತು. ನಮಗೆಲ್ಲ ಕಂಡದ್ದು ಮರ್ಯಾದೆ. ಅವರಿಗೆ ಕಂಡದ್ದು ಎಣಿಕೆ.

ಮಕ್ಕಳಿಂದ ನಾಚಿಕೆಪಡುವ ಇಂಥ ಪ್ರಸಂಗ ಇಲ್ಲದ ಮನೆಯೇ ಇರಲಿಕ್ಕಿಲ್ಲ. ಬಸ್ಸಿನಲ್ಲಂತೂ ದಿನಕ್ಕೊಂದು. ನಮ್ಮಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಆರರಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಶೂನ್ಯ ದರದ ಟಿಕೆಟ್. ಒಮ್ಮೆ ಕೊಪ್ಪಳದಿಂದ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ನನ್ನ ಎದುರು ಸೀಟಿನಲ್ಲಿ ಒಬ್ಬ ಅಜ್ಜಿ, ಇಬ್ಬರು ಮೊಮ್ಮಕ್ಕಳು. ಕಂಡಕ್ಟರ್ ಅಜ್ಜಿಗೊಂದು, ಅಕ್ಕನಿಗೊಂದು ಶೂನ್ಯ ಟಿಕೆಟ್ ಹರಿದು ಕೊಟ್ಟ. ಹುಡುಗನನ್ನು ತೋರಿಸಿ "ಇವಂಗೆಷ್ಟು?" ಅಂದ. "ಐದ್ರಿ" ಅಂದರು ಅಜ್ಜಿ. ಹುಡುಗ ಅಕ್ಕನ ಕೈಯಲ್ಲಿದ್ದ ಚೀಟಿ ನೋಡಿದ, ತನ್ನ ಬರಿಗೈ ನೋಡಿಕೊಂಡ, ಒಮ್ಮೆಲೇ ಅಳು ತೆಗೆದ. "ನನಗ ಆರು ಮುಗದಾವು! ನನಗೂ ಟಿಕೆಟ್ ಕೊಡ್ರೀ!" ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಅರ್ಧ ಟಿಕೆಟ್ ಕೈಗೆ ಬಂದ ಮೇಲೆ ಹುಡುಗ ಅದನ್ನು ಎದೆಗೊತ್ತಿಕೊಂಡು ಕಿಟಕಿ ಕಡೆ ತಿರುಗಿ ಕೂತ. ಇಳಿಯುವವರೆಗೂ ಬಿಡಲಿಲ್ಲ. ಅಜ್ಜಿಯ ಸುಳ್ಳು ಬಯಲು ಮಾಡಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಗೊತ್ತೇ ಇರುವುದಿಲ್ಲ. ಮೂರು ನಾಲ್ಕು ವರ್ಷದ ಮಕ್ಕಳನ್ನು ಇಷ್ಟು ವರ್ಷ ಹತ್ತಿರದಿಂದ ನೋಡಿ ನಾನು ಕಂಡುಕೊಂಡದ್ದು ಇದು. ಅವರು ಒಳಗಿನದನ್ನು ಹೊರಗೆ ಹಾಕುತ್ತಿದ್ದೇವೆ ಎಂದುಕೊಳ್ಳುವುದಿಲ್ಲ, ಏಕೆಂದರೆ ಅವರಿಗೆ ಒಳಗು ಹೊರಗು ಎಂಬ ಎರಡು ಇನ್ನೂ ಆಗಿರುವುದಿಲ್ಲ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಎಂದೇ ಮಗು ತಿಳಿದಿರುತ್ತದೆ. ಹಾಗಿರುವಾಗ ಮುಚ್ಚಿಡುವುದೇನು, ಯಾರಿಂದ?

ಶಿಕ್ಷಕರ ತರಬೇತಿಗೆ ಡಿ.ಎಡ್. ಓದುವಾಗ, ಮಕ್ಕಳ ಬುದ್ಧಿ ಬೆಳೆಯುವ ಬಗ್ಗೆ ಮನೋವಿಜ್ಞಾನಿ ಪಿಯಾಜೆ ಹೇಳಿದ ಹಂತಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಪೂರ್ವಕಾರ್ಯ ಹಂತ, ಎಲ್ಲವನ್ನೂ ತನ್ನ ಕಡೆಯಿಂದಲೇ ನೋಡುವ ಸ್ವಕೇಂದ್ರಿತತೆ ಎಂದು ಬರೆದು ಅಂಕ ತೆಗೆದುಕೊಂಡಿದ್ದೆ. ಅರ್ಥವಾದದ್ದು ಮಗಳು ಹುಟ್ಟಿದ ಮೇಲೆ. 1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್ ಎಂಬ ಇಬ್ಬರು ಸಂಶೋಧಕರು ಚಿಕ್ಕ ಮಕ್ಕಳಿಗೆ ಒಂದು ಕಥೆ ಹೇಳಿ ಪ್ರಶ್ನೆ ಕೇಳಿದ್ದರು. ಒಬ್ಬ ಹುಡುಗ ಒಂದು ಕಪಾಟಿನಲ್ಲಿ ಚಾಕೊಲೇಟ್ ಇಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ತಾಯಿ ಅದನ್ನು ಇನ್ನೊಂದು ಕಪಾಟಿಗೆ ಎತ್ತಿಡುತ್ತಾಳೆ. ಹುಡುಗ ತಿರುಗಿ ಬಂದು ಎಲ್ಲಿ ಹುಡುಕುತ್ತಾನೆ? ಮೂರರ ಆಸುಪಾಸಿನ ಮಕ್ಕಳು ಈಗ ಚಾಕೊಲೇಟ್ ಇರುವ ಕಪಾಟನ್ನೇ ತೋರಿಸುತ್ತಾರೆ. ತಮಗೆ ಗೊತ್ತಲ್ಲ, ಅವನಿಗೂ ಗೊತ್ತಿರಲೇಬೇಕು. ನಾಲ್ಕು ದಾಟಿ ಐದಕ್ಕೆ ಬರುತ್ತ, ಇಲ್ಲ, ಅವನು ಇಟ್ಟಲ್ಲೇ ಹುಡುಕುತ್ತಾನೆ ಅನ್ನತೊಡಗುತ್ತಾರೆ. ಮುಂದೆ ಸಿಹಿ ಗುಳಿಗೆಯ ಡಬ್ಬಿಯಲ್ಲಿ ಪೆನ್ಸಿಲ್ ಇಟ್ಟು ಇದೇ ಬಗೆಯ ಇನ್ನೊಂದು ಪರೀಕ್ಷೆ ಬಂತು.

ನಾನು ಅದನ್ನು ಮನೆಯಲ್ಲಿ ಬಿಸ್ಕೀಟ್ ಪಾಕೀಟಿನಿಂದ ಮಾಡಿದೆ. ಬಿಸ್ಕೀಟು ತೆಗೆದು, ಒಳಗೆ ಸೀಮೆಸುಣ್ಣದ ತುಂಡು ತುಂಬಿ, ಬಾಯಿ ಮಡಚಿ ಮಗಳ ಮುಂದಿಟ್ಟೆ. "ಒಳಗೇನೈತಿ?" "ಬಿಸ್ಕೀಟು." ತೆರೆದು ತೋರಿಸಿದೆ. ಮುಖ ಸಣ್ಣದು ಮಾಡಿಕೊಂಡಳು. ಮತ್ತೆ ಮುಚ್ಚಿ ಕೇಳಿದೆ: "ಈಗ ಅಣ್ಣ ಶಾಲಿಯಿಂದ ಬರ್ತಾನ. ಇದನ್ನ ನೋಡಿ ಒಳಗ ಏನೈತಿ ಅಂತಾನ?" ಅಣ್ಣ ಎಂದರೆ ನೆಗೆಣ್ಣಿಯ ಮಗ. "ಸೀಮೆಸುಣ್ಣ ಅಂತಾನ" ಅಂದಳು ಒಂದು ಕ್ಷಣವೂ ತಡಮಾಡದೆ. ಅವಳಿಗೆ ಆಗ ಮೂರೂವರೆ. ದೊಡ್ಡತ್ತಿಯ ರೊಟ್ಟಿ ಎಣಿಸಿದ ಅದೇ ತಿಂಗಳು.

ಒಂದು ವರ್ಷ ಬಿಟ್ಟು, ಅವಳು ಮರೆತಿದ್ದಾಳೆ ಎಂದು ಖಾತ್ರಿಯಾದ ಮೇಲೆ ಮತ್ತೆ ಕೇಳಿದೆ. ಈ ಸಲ ಪಾಕೀಟು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಮಾತಿನಲ್ಲಿ ಹೇಳಿದಳು: "ಬಿಸ್ಕೀಟು ಅನ್ಕೊಂತಾನ. ಪಾಪ ಅಣ್ಣ."

ಆ "ಪಾಪ" ಕೇಳಿ ನನಗೆ ಕಣ್ಣು ತುಂಬಿ ಬಂತು. ಇನ್ನೊಬ್ಬರ ಮನಸ್ಸಿನಲ್ಲಿ ಬೇರೆಯೇ ಒಂದು ಲೋಕ ಇದೆ ಎಂದು ಗೊತ್ತಾದ ಕೂಡಲೇ ಅವಳಿಗೆ ಬಂದದ್ದು ಕನಿಕರ. ಪಿಸುಮಾತೂ ಬಂತು. ಅದಾದ ವಾರವೇ ಮೊದಲ ಸುಳ್ಳೂ ಬಂತು: ಬೆಲ್ಲ ತಿಂದು, ತುಟಿಯ ಮೇಲೆ ಬೆಲ್ಲದ ಪುಡಿ ಇಟ್ಟುಕೊಂಡೇ, ಇರುವೆ ತಿಂದಿತು ಅಂದಳು. ಕನಿಕರಕ್ಕೂ ಸುಳ್ಳಿಗೂ ಒಂದೇ ಬಾಗಿಲು ಎಂದು ನನಗೆ ಯಾವ ಪಠ್ಯವೂ ಹೇಳಿರಲಿಲ್ಲ.

ಆ ಬಾಗಿಲು ತೆರೆಯುವ ಮುಂಚಿನ ದಿನಗಳ ಮಾತು ಬಲು ಚೆಂದ. ದೊಡ್ಡವರಿಗೆ ಬರ್ರಿ ಹೋಗ್ರಿ ಅನ್ನಬೇಕು ಎಂದು ಕಲಿಸಿದ್ದೆ. ಮರುದಿನ ಹಿತ್ತಲಲ್ಲಿ ದಾರಿಗೆ ಅಡ್ಡ ನಿಂತ ಎಮ್ಮೆಗೆ ಕೈಮುಗಿದು "ಎಮ್ಮೇರ, ಸ್ವಲ್ಪ ಸರೀರಿ" ಎನ್ನುತ್ತಿದ್ದಳು. ಎಮ್ಮೆ ಅವಳಿಗಿಂತ ದೊಡ್ಡದು ತಾನೇ? ಮಾಡಿದೆ, ಓಡಿದೆ, ಹಾಡಿದೆ ಎಂಬ ಜಾಡು ಹಿಡಿದು "ಬೀಳಿದೆ", "ಕೊಡಿದೆ" ಅನ್ನುತ್ತಿದ್ದಳು. ಬಿದ್ದೆ, ಕೊಟ್ಟೆ ಎಂದು ತಿದ್ದಿದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದಳು. ಯಾರೂ ಅವಳ ಮುಂದೆ "ಬೀಳಿದೆ" ಅಂದಿರಲಿಲ್ಲ. ಅಂದರೆ ಅದು ಕೇಳಿ ಕಲಿತದ್ದಲ್ಲ, ಕನ್ನಡದ ನಿಯಮವನ್ನು ತಾನೇ ಹುಡುಕಿ ಕಟ್ಟಿಕೊಂಡದ್ದು. ಮೂರು ವರ್ಷಕ್ಕೆ ಒಂದು ಭಾಷೆಯ ಕ್ರಿಯಾಪದದ ಗುಟ್ಟು ಹಿಡಿದ ಜೀವವನ್ನು ನಾವು ತಪ್ಪು ಮಾತಾಡಿತು ಎಂದು ನಗುತ್ತೇವೆ.

ಕುಷ್ಟಗಿ ಕಡೆಯ ನನ್ನ ತವರಿನಲ್ಲಿ ಅಜ್ಜ ತೀರಿಕೊಂಡಾಗ ಮಗಳಿಗೆ ನಾಲ್ಕು ತುಂಬಿರಲಿಲ್ಲ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ತಲೆಗೆ ರುಮಾಲು ಸುತ್ತಿ, ಕೊರಳಿಗೆ ಹಾರ ಹಾಕಿದ್ದರು. ರಾತ್ರಿಯೆಲ್ಲ ಭಜನೆ ನಡೆದಿತ್ತು. ನಾವು ಬೆಳಿಗ್ಗೆ ಹೋಗಿ ಮುಟ್ಟಿದೆವು. ನನ್ನ ಕಂಕುಳಲ್ಲಿದ್ದ ಮಗಳು ಅಜ್ಜನನ್ನು ನೋಡಿದಳು, ಸುತ್ತ ಎದೆ ಬಡಿದುಕೊಂಡು ಅಳುತ್ತಿದ್ದ ಹೆಂಗಸರನ್ನು ನೋಡಿದಳು.

"ಅಜ್ಜ ಕುಂತಾನಲ್ಲ. ಯಾಕ ಅಳಾಕತ್ತೀರಿ?"

ಅಳು ನಿಂತಿತು. ಅವಳಿಗೆ ಇನ್ನೂ ಧೈರ್ಯ ಬಂದು, "ಅಜ್ಜಗ ನಿದ್ದಿ ಬಂದೈತಿ, ಮಲಗಸ್ರಿ" ಅಂದಳು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು, ನಕ್ಕದ್ದಕ್ಕೆ ತಾವೇ ಬಾಯಿ ಮುಚ್ಚಿಕೊಂಡರು. ಚಿಗವ್ವ ಸಿಟ್ಟಿನಿಂದ ಮಗಳ ರಟ್ಟೆ ಹಿಡಿದು ಹೊರಗೆ ಒಯ್ಯಲು ಎಳೆದಳು. ಸಾವಿನ ಮನೆಯಲ್ಲಿ ಕೂಸಿನ ಮಾತು ಅಪಶಕುನ ಎಂದು ಅವಳ ಹೆದರಿಕೆ. ಅಲ್ಲಿಯವರೆಗೆ ಒಂದು ಹನಿ ಕಣ್ಣೀರೂ ಹಾಕದೆ ಅಜ್ಜನ ಪಕ್ಕದಲ್ಲಿ ಕಲ್ಲಿನಂತೆ ಕೂತಿದ್ದ ಅಜ್ಜಿ ಕೈ ಮಾಡಿ ತಡೆದರು.

"ಬಿಡ್ರಿ. ಕೂಸಿನ್ನ ಬಿಡ್ರಿ. ನನಗೂ ಹಂಗಾ ಅನಸಾಕತ್ತೈತಿ."

ಅಂದು, ಆಮೇಲೆ ಅತ್ತರು. ಐವತ್ತು ವರ್ಷ ಜೊತೆಗೆ ಬಾಳಿದವರನ್ನು ಕಳಕೊಂಡ ಮುದುಕಿಗೂ, ಸಾವು ಏನೆಂದು ತಿಳಿಯದ ಮಗುವಿಗೂ ಕಂಡದ್ದು ಒಂದೇ. ನಡುವೆ ನಿಂತ ನಮಗೆಲ್ಲ ಹೇಗೆ ಅಳಬೇಕು, ಎಷ್ಟು ಅಳಬೇಕು ಎಂಬುದು ಗೊತ್ತಿತ್ತು.

ಇದೆಲ್ಲ ಹೇಳುವಾಗ ಒಂದು ನೋವಿನ ವಿಷಯವನ್ನೂ ಹೇಳಬೇಕು. ರೊಟ್ಟಿ ಎಣಿಸಿದ ಕಥೆ ನಮ್ಮ ನೆಂಟರಲ್ಲೆಲ್ಲ ಹಬ್ಬಿತು. ಮೊದಮೊದಲು ನಾನೇ ಹೇಳಿದೆ, ಸಂತೋಷದಿಂದ. ಆಮೇಲೆ ಅದು ನನ್ನ ಕೈ ಮೀರಿತು. ಹೋದಲ್ಲೆಲ್ಲ ಮಗಳನ್ನು ಕರೆದು "ರೊಟ್ಟಿ ಎಣಸವ್ವ, ಎಣಸು ನೋಡೂನು" ಅನ್ನುವುದು. ಗಂಗಾವತಿಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ದಪ್ಪನೆಯ ಒಬ್ಬರು ಊಟಕ್ಕೆ ಕೂತಿದ್ದರು. ನಮ್ಮ ಕಡೆಯ ಹುಡುಗರು ನಾಲ್ಕೂವರೆ ವರ್ಷದ ಮಗಳನ್ನು ಎತ್ತಿಕೊಂಡು ಹೋಗಿ ಅವರ ಎದುರು ನಿಲ್ಲಿಸಿ, ಮೊಬೈಲ್ ಹಿಡಿದು, ಎಣಸು ಎಣಸು ಎಂದು ಹುರಿದುಂಬಿಸಿದರು. ಸ್ಟೇಟಸ್ಸಿಗೆ ಹಾಕಬೇಕಂತೆ.

ಅವಳು ಎಣಿಸಲಿಲ್ಲ. ಒಮ್ಮೆ ಮೊಬೈಲ್ ನೋಡಿದಳು, ಒಮ್ಮೆ ಆ ಮನುಷ್ಯರ ಮುಖ ನೋಡಿದಳು. ಕಿವಿಯ ತುದಿ ಕೆಂಪಾದದ್ದು ನನಗೆ ದೂರದಿಂದಲೇ ಕಂಡಿತು. ಓಡಿ ಬಂದು ನನ್ನ ಸೀರೆ ನಿರಿಗೆಯಲ್ಲಿ ಮುಖ ಹುದುಗಿಸಿ, ಸೀರೆಯನ್ನೇ ಹಲ್ಲಿನಿಂದ ಕಚ್ಚಿ ಹಿಡಿದಳು. ಮನೆಗೆ ಬಂದ ಮೇಲೂ ಎಷ್ಟೋ ದಿನ ಯಾರ ಮುಂದೆಯೂ ಬಾಯಿಬಿಟ್ಟು ಎಣಿಸಲಿಲ್ಲ. ಮೆಟ್ಟಿಲು ಹತ್ತುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು.

1972ರಲ್ಲಿ ಬ್ಯೂಲಾ ಆಮ್ಸ್ಟರ್‌ಡ್ಯಾಮ್ ಎಂಬ ಮನೋವಿಜ್ಞಾನಿ ಕೂಸುಗಳ ಮೂಗಿಗೆ ಕೆಂಪು ಬಣ್ಣ ಹಚ್ಚಿ ಕನ್ನಡಿ ಎದುರು ಬಿಟ್ಟು ನೋಡಿದ್ದರು. ಸಣ್ಣ ಕೂಸುಗಳು ಕನ್ನಡಿಯಲ್ಲಿ ಇನ್ನೊಂದು ಕೂಸಿದೆ ಎಂದು ಆಡುತ್ತವೆ. ಒಂದೂವರೆ, ಎರಡು ವರ್ಷದ ಹೊತ್ತಿಗೆ ಕೈ ತಮ್ಮದೇ ಮೂಗಿಗೆ ಹೋಗುತ್ತದೆ. ಆ ಹೊತ್ತಿಗೇ ಕೆಲವು ಮಕ್ಕಳು ಕನ್ನಡಿ ಎದುರು ನಾಚಿ ಮುಖ ತಿರುಗಿಸುವುದನ್ನೂ ಅವರು ಗಮನಿಸಿದ್ದರು. ನಮ್ಮ ಮನೆಗಳಲ್ಲಿ ಕೂಸಿಗೆ ಕುಂಕುಮ ಇಟ್ಟು ಕನ್ನಡಿ ತೋರಿಸಿ, "ಯಾರದು? ಯಾರು ಬಂದಾರ ನೋಡು" ಎಂದು ಆಡಿಸುತ್ತೇವಲ್ಲ, ಅಲ್ಲಿಯೂ ಒಂದು ದಿನ ಇದೇ ಆಗುತ್ತದೆ. ನನ್ನನ್ನು ಇನ್ನೊಬ್ಬರು ನೋಡುತ್ತಾರೆ ಎಂಬ ಅರಿವು ಅಲ್ಲಿಂದ ಮೊಳೆತು, ನಾಲ್ಕೈದು ವರ್ಷಕ್ಕೆ ಬಲಿಯುತ್ತದೆ. ನಾಚಿಕೆ ಬಂದೇ ಬರುತ್ತದೆ, ಬರಬೇಕು ಕೂಡ. ಆದರೆ ಅದನ್ನು ನಾವು ಹತ್ತು ಜನರ ನಡುವೆ ನಿಲ್ಲಿಸಿ ಮೊಬೈಲ್ ಹಿಡಿದು ಬರಿಸಬೇಕೇ? ಮಗು ತನಗೇ ಗೊತ್ತಿಲ್ಲದೆ ಕೊಟ್ಟದ್ದನ್ನು ಮತ್ತೆ ಮತ್ತೆ ಕೊಡು ಎಂದು ಪೀಡಿಸುವುದು ನನಗೆ ತಪ್ಪು ಅನ್ನಿಸುತ್ತದೆ. ಆ ಮದುವೆಯ ನಂತರ ಅವಳ ಕಥೆಗಳನ್ನು ಅವಳ ಎದುರು ಹೇಳುವುದನ್ನು ನಾನು ಬಿಟ್ಟೆ. ಇಲ್ಲಿ ಬರೆಯುವ ಮುಂಚೆ ಕೇಳಿದ್ದೇನೆ. ಈಗ ಅವಳಿಗೆ ಒಂಬತ್ತು. "ಬರಿ. ಆದ್ರ ಬೆಲ್ಲದ್ದು ನಿಜವಾಗ್ಲೂ ಇರುವಿನಾ ತಿಂದಿದ್ದು" ಅಂದಳು.

ಮನೆಯ ಮಾತು ಇಷ್ಟಾಯಿತು. ಶಾಲೆಯದು ಬೇರೆ.

ನಾನು ಕಲಿಸುವುದು ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ಪದ್ಧತಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಬೆಳಿಗ್ಗೆ ಮೊದಲು ಮಾತುಕತೆ. ನಿನ್ನೆ ಏನಾಯಿತು, ಯಾರು ಏನು ನೋಡಿದಿರಿ. ಊರಿನ ಮನೆ ಮನೆಯ ಗುಟ್ಟು ಆ ಹದಿನೈದು ನಿಮಿಷದಲ್ಲಿ ನನ್ನ ಮುಂದೆ ಬಂದು ಬೀಳುತ್ತದೆ. "ನಮ್ಮವ್ವನ ಬಂಗಾರ ಗಿರವಿ ಇಟ್ಟಾರ್ರಿ." "ಸಂಘದೋರು ಕಂತು ಕೇಳಾಕ ಬಂದ್ರ ಅವ್ವ ಮನ್ಯಾಗಿಲ್ಲಂತ ಹೇಳು ಅಂದಾಳ್ರಿ, ನಾ ಹಂಗಾ ಹೇಳೀನಿ, ಅವ್ವ ಒಳಗಿಂದ ಕೆಮ್ಮಿದ್ಲು." ಎಲ್ಲರೂ ನಗುತ್ತಾರೆ, ಹೇಳಿದ ಹುಡುಗಿಯೂ ನಗುತ್ತಾಳೆ. ಸಂಜೆ ಅದೇ ತಾಯಿ ಗೇಟಿನ ಹತ್ತಿರ ನಿಂತು "ಅಕ್ಕಾರ, ನಮ್ಮಕಿ ಚಲೋ ಓದ್ತಾಳೇನ್ರಿ?" ಎಂದು ಕೇಳುತ್ತಾಳೆ. ಓದ್ತಾಳವ್ವ ಅನ್ನುತ್ತೇನೆ. ಅವಳ ಬರಿದಾದ ಕೊರಳ ಕಡೆ ನೋಡದಂತೆ ಕಣ್ಣು ಸರಿಸುತ್ತೇನೆ. ಮಕ್ಕಳು ಹೇಳಿದ್ದು ಆ ಕೋಣೆ ದಾಟಬಾರದು ಎಂಬುದು ನನ್ನ ನೌಕರಿಯ ಮೊದಲ ವರ್ಷದಿಂದ ನಾನೇ ಹಾಕಿಕೊಂಡ ಕಟ್ಟು.

ಆ ಕಟ್ಟನ್ನು ನಾನು ಮುರಿದಿಲ್ಲ. ಆದರೆ ಅದಕ್ಕಿಂತ ದೊಡ್ಡದೊಂದು ತಪ್ಪು ಮಾಡಿದ್ದೇನೆ.

ನಮ್ಮ ಕಡೆ ಗುಳೆ ಹೋಗುವುದು ಹೊಸದಲ್ಲ. ಸುಗ್ಗಿ ಮುಗಿದರೆ, ಮಳೆ ಕೈಕೊಟ್ಟರೆ, ಗಂಟುಮೂಟೆ ಕಟ್ಟಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಉದ್ದಕ್ಕೆ ಗೈರು ಬೀಳುತ್ತದೆ. ಹಾಗೆ ಹೋಗಿದ್ದ ಒಬ್ಬ ಹುಡುಗ ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ತಿರುಗಿ ಬಂದ. ಎರಡನೇ ತರಗತಿ. ಮೈಯೆಲ್ಲ ಸಿಮೆಂಟಿನ ಬಣ್ಣ, ಕಣ್ಣು ಮಾತ್ರ ಹೊಳಪು. ಮಾತುಕತೆಯಲ್ಲಿ ಅವನ ಸರದಿ ಬಂತು.

"ಬೆಂಗಳೂರಾಗ ನಮ್ಮನಿ ಹತ್ತು ಮಾಳಿಗಿ ಐತ್ರಿ ಟೀಚರ್."

ಮಕ್ಕಳು ಹೋ ಎಂದರು. ನಾನು "ಲಿಫ್ಟ್ ಐತೇನೋ?" ಅಂದೆ.

"ಇಲ್ರಿ. ಏಣಿ ಐತಿ. ಬಾಗಲಾನೂ ಇಲ್ರಿ."

ಹತ್ತು ಮಾಳಿಗೆಯ ಮನೆ, ಬಾಗಿಲಿಲ್ಲ! ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. "ಬಾಗಲಾ ಇಲ್ಲದ ಮನ್ಯಾಗ ಕಳ್ಳರು ಬರಂಗಿಲ್ಲೇನೋ?" ಎಂದು ಕೇಳಿದೆ.

"ಕದಿಯಾಕ ಏನಿಲ್ರಿ" ಅಂದ.

ಆಗಲೂ ನನಗೆ ತಿಳಿಯಲಿಲ್ಲ. ಮಗು ಕಲ್ಪನೆ ಮಾಡಿ ಹೇಳುತ್ತಿದೆ ಎಂದುಕೊಂಡೆ. ಹಿಂದೆ ಕೂತಿದ್ದ ಮೂರನೇ ತರಗತಿಯ ಹುಡುಗ "ಸುಳ್ಳಬುರುಕ" ಅಂದ. ಇವನು ನನ್ನ ಕಡೆ ನೋಡಿದ. ನಾನು ನಗುತ್ತಲೇ ಇದ್ದೆ. ಅವನು ಮೆಲ್ಲಗೆ ಕೂತುಬಿಟ್ಟ.

ವಾರದ ಮೇಲೆ ಆಧಾರ್ ಕಾರ್ಡಿನ ನಕಲು ಕೊಡಲು ಅವನ ತಾಯಿ ಬಂದಳು. ಬೆಂಗಳೂರಿನಲ್ಲಿ ಎಲ್ಲಿದ್ದಿರಿ ಎಂದು ಸುಮ್ಮನೆ ಕೇಳಿದೆ. ಅವಳು ಹೇಳಿದಳು. ದೊಡ್ಡ ಕಟ್ಟಡದ ಕೆಲಸ. ಕೆಳಗೆ ಹಾಕಿಕೊಟ್ಟ ತಗಡಿನ ಶೆಡ್ಡಿನಲ್ಲಿ ಮಳೆ ನೀರು ನಿಂತು ಹುಳ ಹುಪ್ಪಡಿ ಬಂದವು. ಆಮೇಲೆ ಕಟ್ಟುತ್ತಿದ್ದ ಮಾಳಿಗೆಯಲ್ಲೇ ಇದ್ದರು. "ಕಟ್ಟಿದಂಗ ಕಟ್ಟಿದಂಗ ನಾವೂ ಮ್ಯಾಲ ಹೋದ್ವಿ ಅಕ್ಕಾರ. ಗ್ವಾಡಿ ಇರ್ಲಿಲ್ಲ, ಬರೇ ಕಂಬ. ಸಣ್ಣಾಕಿ ಓಡ್ಯಾಡಿ ಬಿದ್ದಗಿದ್ದಾಳಂತ ಹಳೇ ಸೀರಿಲೆ ಸೊಂಟಕ್ಕ ಕಟ್ಟಿ ಕಂಬಕ್ಕ ಬಿಗೀತಿದ್ದೆ. ಇವ ಕಾಯ್ಕೊಂಡು ಕುಂದರ್ತಿದ್ದ. ಹತ್ತು ಮಾಳಿಗಿ ಆತ್ರಿ. ಬಾಗಲಾ ಕೂಡ್ರಸೂ ಹೊತ್ತಿಗೆ ನಮ್ಮನ್ನ ಕಳಿಸಿದ್ರು."

ಹುಡುಗ ಹೇಳಿದ್ದರಲ್ಲಿ ಒಂದು ಅಕ್ಷರವೂ ಹೆಚ್ಚಿರಲಿಲ್ಲ.

ಮರುದಿನ ಮಾತುಕತೆಯಲ್ಲಿ ನಾನೇ ಅವನನ್ನು ಎಬ್ಬಿಸಿದೆ. "ಬೆಂಗಳೂರಿನ ನಿಮ್ಮ ಮನಿ ಸುದ್ದಿ ಹೇಳಪ್ಪ, ಎಲ್ಲಾರೂ ಕೇಳೂನು" ಅಂದೆ. ದನಿಯಲ್ಲಿ ಎಷ್ಟು ಅಕ್ಕರೆ ತುಂಬಲು ಸಾಧ್ಯವೋ ಅಷ್ಟು ತುಂಬಿ ಹೇಳಿದೆ. ಅವನು ನೆಲ ನೋಡುತ್ತ ಕಾಲಿನ ಹೆಬ್ಬೆರಳಿನಿಂದ ಕಡಪಾಕಲ್ಲಿನ ಸಂದು ಕೆರೆದ.

"ಇಲ್ರಿ ಟೀಚರ್. ಸುಳ್ಳ ಹೇಳಿದ್ದೆ."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಅವನಿಗೆ ಕಾಗುಣಿತ ಕಲಿಸಿದ್ದೆ, ಸಂಕಲನ ಕಲಿಸಿದ್ದೆ. ಅದರ ಜೊತೆಗೆ ನಿಜ ಹೇಳಿ ನಗೆಗೀಡಾಗುವುದಕ್ಕಿಂತ ಸುಳ್ಳಬುರುಕ ಎಂದು ಒಪ್ಪಿಕೊಳ್ಳುವುದು ಸುಲಭ ಎಂಬುದನ್ನೂ ಕಲಿಸಿಬಿಟ್ಟಿದ್ದೆ. ಆ ಮೇಲೆ ತಿಂಗಳುಗಟ್ಟಲೆ ಅವನು ಮಾತುಕತೆಯಲ್ಲಿ ಬಾಯಿ ಬಿಡಲಿಲ್ಲ. ಸರದಿ ಬಂದರೆ "ಏನಿಲ್ರಿ" ಅನ್ನುತ್ತಿದ್ದ. ನಾನೂ ಒತ್ತಾಯ ಮಾಡಲಿಲ್ಲ. ಆದರೆ ಬೇರೆ ಮಕ್ಕಳು ಏನು ಹೇಳಿದರೂ ನಗುವ ಮುಂಚೆ ಒಂದು ಪ್ರಶ್ನೆ ಕೇಳುವ ರೂಢಿ ಮಾಡಿಕೊಂಡೆ. ಹೌದಾ, ಆಮೇಲೇನಾತು? ಎಲ್ಲಿ ನೋಡಿದೆ? ಹಾಗೆ ಕೇಳತೊಡಗಿದ ಮೇಲೆ ನನಗೆ ತಿಳಿದದ್ದು, ಮಕ್ಕಳ ತಮಾಷೆಯ ಮಾತಿನ ಹಿಂದೆ ಬಹಳ ಸಲ ಅವರು ಕಣ್ಣಾರೆ ಕಂಡದ್ದೊಂದು ಇರುತ್ತದೆ. ನಮಗೆ ಆ ಕಡೆಯಿಂದ ನೋಡಿ ಗೊತ್ತಿರುವುದಿಲ್ಲ, ಅಷ್ಟೇ.

ದೀಪಾವಳಿ ಮುಗಿಯಿತು. ಅವನ ತಾಯಿ ಮತ್ತೆ ಶಾಲೆಗೆ ಬಂದಳು. "ಈ ಸಲ ಹುಡುಗನ್ನ ನಮ್ಮತ್ತಿ ಕಡೆ ಬಿಟ್ಟು ಹೊಂಟೀವ್ರಿ ಅಕ್ಕಾರ. ಓದ್ಲಿ. ಮಳಿ ಬೀಳೂ ಹೊತ್ತಿಗೆ ಬರ್ತೀವಿ. ಸ್ವಲ್ಪ ನೋಡ್ಕೊಳ್ರಿ" ಅಂದಳು. ಹುಡುಗ ಪಕ್ಕದಲ್ಲೇ ನಿಂತಿದ್ದ, ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದ.

ನಮ್ಮ ತರಗತಿಯ ಗೋಡೆಯ ಮೇಲೆ ಹವಾಮಾನ ನಕ್ಷೆ ಇದೆ. ಅದರ ಪಕ್ಕ ಒಂದು ಮೊಳೆ ಹೊಡೆದು, ಡ್ರಾಯಿಂಗ್ ಹಾಳೆಯಲ್ಲಿ ಬಿಸಿಲು, ಮೋಡ, ಮಳೆ ಎಂದು ಮೂರು ಕಾರ್ಡು ಮಾಡಿಟ್ಟಿದ್ದೇನೆ. ದಿನಕ್ಕೊಬ್ಬರು ಹೊರಗೆ ಹೋಗಿ ಆಕಾಶ ನೋಡಿ ಬಂದು ತಕ್ಕ ಕಾರ್ಡು ನೇತುಹಾಕಬೇಕು. ನಮ್ಮ ಸೀಮೆಯಲ್ಲಿ ಅದೇನು ದೊಡ್ಡ ಪರೀಕ್ಷೆಯಲ್ಲ. ಜನವರಿಯಿಂದ ಬೇಸಿಗೆ ರಜೆಯ ತನಕ ಬಿಸಿಲಿನ ಕಾರ್ಡೇ ಜೋತಾಡುತ್ತಿರುತ್ತದೆ, ಮಳೆಯ ಕಾರ್ಡಿಗೆ ಧೂಳು ಹಿಡಿಯುತ್ತದೆ.

ಮಾರ್ಚ್ ಕೊನೆ. ಬೆಳಿಗ್ಗೆ ಹತ್ತಕ್ಕೇ ಅಂಗಳದ ಬಂಡೆ ಕಾದು ಮಕ್ಕಳು ಕುಪ್ಪಳಿಸಿಕೊಂಡು ದಾಟುತ್ತಿದ್ದರು. ಅವತ್ತು ಅವನ ಸರದಿ. ಹೊರಗೆ ಹೋಗಿ ಬಹಳ ಹೊತ್ತು ನಿಂತು ಆಕಾಶ ನೋಡಿದ. ಒಂದು ಚೂರು ಮೋಡವೂ ಇರಲಿಲ್ಲ. ಒಳಗೆ ಬಂದು, ಬಿಸಿಲಿನ ಕಾರ್ಡು ತೆಗೆದ. ಮಳೆಯ ಕಾರ್ಡನ್ನು ಅಂಗಿಯಿಂದ ಒರೆಸಿ ನೇತುಹಾಕಿದ.

ತರಗತಿ ಗೊಳ್ಳೆಂದಿತು. ನಾನು ಕೈಯೆತ್ತಿ ಸುಮ್ಮನಿರಿಸಿ ಕೇಳಿದೆ: "ಯಾಕಪ್ಪ ಮಳಿ ಹಾಕಿದಿ?"

ತಿಂಗಳುಗಳ ಮೇಲೆ ಅವನು ಪೂರ್ತಿ ಒಂದು ಮಾತು ಆಡಿದ. "ಬಿಸಿಲಿನ ಕಾರ್ಡಿಗೆ ದಣಿವಾಗೈತ್ರಿ. ದಿನಾ ಅದೊಂದಾ ನಿಂದರ್ತೈತಿ. ಇವತ್ತೊಂದಿನ ಅದಕ್ಕ ರಜಾ ಕೊಟ್ಟೀನಿ."

"ಆತು, ಕೊಡೂನು" ಅಂದೆ.

ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಸಿ.ಆರ್.ಪಿ. ಸರ್, ಅಂದರೆ ನಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವವರು, ಭೇಟಿಗೆ ಬಂದರು. ಹೊರಗೆ 40 ಡಿಗ್ರಿಯ ಆಸುಪಾಸು. ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಗೋಡೆಯ ಮೇಲಿನದೆಲ್ಲ ನೋಡುತ್ತ ಬಂದವರು ಹವಾಮಾನ ನಕ್ಷೆಯ ಎದುರು ನಿಂತರು. "ಏನ್ರಿ ಟೀಚರ್, ನಿಮ್ಮ ಸಾಲ್ಯಾಗ ಮಳಿ ಆಗೈತೇನು?"

ಹುಡುಗ ತಾಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಸರ್ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ. ಜೂನಿನಲ್ಲಿ ನೋಡಿದ್ದನಲ್ಲ, ಹಾಗೆ.

"ಇವತ್ತು ಬಿಸಿಲಿಗೆ ರಜಾ ಕೊಟ್ಟೀವ್ರಿ ಸರ್" ಅಂದೆ.

ಸರ್ ಒಂದು ಗಳಿಗೆ ನನ್ನನ್ನು ನೋಡಿದರು. ಕಿಟಕಿಯಾಚೆ ಉರಿಯುತ್ತಿದ್ದ ಬಯಲು ನೋಡಿದರು. "ಚಲೋ ಮಾಡೀರಿ ಬಿಡ್ರಿ" ಎಂದು ಮುಂದೆ ಹೋದರು.

ಸಂಜೆ ಗಂಟೆ ಬಾರಿಸಿ ಮಕ್ಕಳೆಲ್ಲ ಓಡಿದ ಮೇಲೆ ಅವನು ಒಬ್ಬನೇ ಹಿಂದೆ ಉಳಿದ. ಚೀಲ ಹೆಗಲಿಗೆ ಹಾಕಿಕೊಂಡು ಗೋಡೆಯ ಹತ್ತಿರ ಹೋಗಿ, ಫ್ಯಾನಿನ ಗಾಳಿಗೆ ಓರೆಯಾಗಿದ್ದ ಮಳೆಯ ಕಾರ್ಡನ್ನು ಎರಡೂ ಕೈಯಿಂದ ನೆಟ್ಟಗೆ ಮಾಡಿದ.

"ಟೀಚರ್, ನಾಳೀನೂ ಮಳಿ ಇರ್ಲೇನ್ರಿ?"